ಜುಲ್ಮೀರಾ ಮತ್ತು ಸ್ನಾನಿಕ ಯೋಹಾನ

ಶನಿವಾರ ಮಧ್ಯಾಹ್ನ ಎರಡಕ್ಕೆ ಶುರುವಾದ ಪಾಠ ಮೂರೂವರೆ ಹೊತ್ತಿಗೆ ಎಲ್ಲರ ಕಣ್ಣೆವೆಯ ಮೇಲೆ ಬಂದು ಕೂತಿತ್ತು. ಇಗರ್ಜಿಯ ಹಿಂದಿನ ಸಭಾಂಗಣದಲ್ಲಿ ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಲಾಸ್ಕ್ ಕಾಫಿ, ಒಂದು ತಟ್ಟೆ ಚೀಸ್ ಬನ್ನು. ಮಗುವಿಗೆ ದೀಕ್ಷಾಸ್ನಾನ ಮಾಡಿಸುವವರೂ, ಅದಕ್ಕೆ ಧರ್ಮತಾಯಿ ಧರ್ಮತಂದೆಯಾಗಿ ನಿಲ್ಲುವವರೂ ಈ ನಾಲ್ಕು ಗಂಟೆ ಕೂರಲೇಬೇಕು. ಕೂತು ಎದ್ದವರಿಗೆ ಪಾಠ ಹೇಳುವ ಸೆಯು ಅರ್ಲಿಂದೊ ಒಂದು ಚೀಟಿಗೆ ಸಹಿ ಹಾಕಿ ಕೊಡುತ್ತಾನೆ; ಗಂಡಸರಿಗೆ ಸೆಯು, ಹೆಂಗಸರಿಗೆ ದೋನಾ ಎನ್ನುವುದು ಆ ಕಡೆಯ ಮರ್ಯಾದೆ. ಚೀಟಿ ಇಲ್ಲದವರು ದೀಕ್ಷೆಯ ತೊಟ್ಟಿಯ ಬಳಿ ನಿಲ್ಲುವ ಹಾಗಿಲ್ಲ.

ಮೊದಲ ಸಾಲಿನಲ್ಲಿ ಕೂತಿದ್ದ ಜುಲ್ಮೀರಾಳಿಗೆ ಮಾತ್ರ ನಿದ್ದೆ ಬಂದಿರಲಿಲ್ಲ. ಅರವತ್ತೊಂದು ವರ್ಷದ ಆಕೆ ಹೊಸ ಚಪ್ಪಲಿ ಮೆಟ್ಟಿ, ಕೂದಲು ಒಪ್ಪಮಾಡಿಕೊಂಡು, ಮೊದಲ ದಿನ ಶಾಲೆಗೆ ಬಂದ ಹುಡುಗಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಆ ಚೀಟಿಗಾಗಿ ಅವಳು ಕಾದದ್ದು ಒಂದೆರಡು ವರ್ಷವಲ್ಲ, ಮೂವತ್ತನಾಲ್ಕು.

ಅವಳು ಬಾಳಿದ್ದು ನೆಸ್ತೊರನ ಜೊತೆ. ಲಾರಿ ರಿಪೇರಿ ಮಾಡುತ್ತಿದ್ದ ನೆಸ್ತೊರನಿಗೆ ಮೊದಲೇ ಒಂದು ಮದುವೆಯಾಗಿತ್ತು. ಆ ಹೆಂಡತಿ ಎರಡೇ ವರ್ಷಕ್ಕೆ ಅವನನ್ನು ಬಿಟ್ಟು ದೂರದ ಗೊಯಾನಿಯಾ ನಗರ ಸೇರಿದ್ದಳು. ಆದರೆ ಇಗರ್ಜಿಯ ಪುಸ್ತಕದಲ್ಲಿ ಆ ಮದುವೆ ಹಾಗೇ ಉಳಿದಿತ್ತು. ಹಾಗಾಗಿ ಜುಲ್ಮೀರಾ ಭಾನುವಾರದ ಪೂಜೆಗೆ ಒಂದನ್ನೂ ತಪ್ಪಿಸದೆ ಹೋದರೂ ಕೊನೆಯ ಬೆಂಚು, ಪರಮಪ್ರಸಾದವಿಲ್ಲ, ಯಾರ ಮಗುವಿಗೂ ಧರ್ಮತಾಯಿಯಾಗುವಂತಿಲ್ಲ. ಊರಲ್ಲಿ ಬಾಯಿ ಬಿಟ್ಟರೆ ಬೈಗುಳವೇ ಉದುರುವ ಹೆಂಗಸಿಗೂ ಐದು ಜನ ಧರ್ಮಮಕ್ಕಳಿದ್ದರು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಊರ ಮಕ್ಕಳಿಗೆಲ್ಲ ಅನ್ನ ಹುರುಳಿ ಬಡಿಸಿದ ಜುಲ್ಮೀರಾಳಿಗೆ ಒಬ್ಬರೂ ಇರಲಿಲ್ಲ. ನೆಸ್ತೊರ್ ತೀರಿಕೊಂಡು ಎರಡು ವರ್ಷವಾಗಿತ್ತು; ಅವನೊಂದಿಗೆ ಇಗರ್ಜಿಯ ಆ ತಡೆಯೂ ಹೋಗಿತ್ತು. ಈಗ ಪಕ್ಕದ ಮನೆಯ ದಾಲ್ವಾಳ ಮಗಳು ಕೆಯ್ಲಾ, ಹೊಟ್ಟೆ ಇನ್ನೂ ಕಾಣದಿದ್ದಾಗಲೇ ಬಂದು ಹೇಳಿದ್ದಳು: "ಚಿಕ್ಕಮ್ಮ, ಧರ್ಮತಾಯಿ ನೀವೇ. ಶಾಲೇಲಿ ನನಗೆ ಎರಡನೇ ಸಲ ಬಡಿಸ್ತಿದ್ದವರು ನೀವೊಬ್ಬರೇ." ಮಗುವಿಗೆ ಈಗ ಎರಡು ತಿಂಗಳು. ಹೆಸರು ಲೀವಿಯಾ. ಮುಂದಿನ ಭಾನುವಾರ ದೀಕ್ಷೆ.

ಬೋರ್ಡಿನ ಮುಂದೆ ನಿಂತಿದ್ದ ಸೆಯು ಅರ್ಲಿಂದೊ ಒಂದು ಕಾಲದಲ್ಲಿ ಬಸ್ಸಿನ ಟಿಕೆಟ್ ತಪಾಸಣೆ ಮಾಡುತ್ತಿದ್ದವನು. ತೂಕಡಿಸುವವರನ್ನು ಎಬ್ಬಿಸುವ ಅಭ್ಯಾಸ ಅವನ ದನಿಯಲ್ಲಿ ಇನ್ನೂ ಇತ್ತು.

"ನಮ್ಮ ಸ್ವಾಮಿಗೆ ದೀಕ್ಷೆ ಕೊಟ್ಟವನು ಸ್ನಾನಿಕ ಯೋಹಾನ. ಸರಿ. ಈ ಯೋಹಾನ ಯಾರು? ಹೇಳಿ ನೋಡೋಣ."

"ಎಲೀಯ ಪ್ರವಾದಿ," ಎಂದಳು ಜುಲ್ಮೀರಾ, ಕೈ ಎತ್ತಿಯೇ. "ಮತ್ತೆ ಹುಟ್ಟಿ ಬಂದಿದ್ದ."

ಅರ್ಧ ಸಭಾಂಗಣ ಹೌದೆಂದು ತಲೆಯಾಡಿಸಿತು. ಹಿಂದಿನ ಸಾಲಿನಿಂದ ಅರ್ಲಿಂದೊನ ಸೋದರಮಾವನ ಮಗಳು ಜುರೇಮಾ, ಬನ್ನು ಅಗಿಯುತ್ತಲೇ ಸೇರಿಸಿದಳು: "ಅದಕ್ಕೇ ಅಲ್ವಾ ರಾಜ ಯೋಹಾನನ ತಲೆ ಕಡಿಸಿದ್ದು? ಎಲೀಯ ಆಗಿದ್ದಾಗ ಆ ಬಾಳ ದೇವರ ಪೂಜಾರಿಗಳನ್ನೆಲ್ಲ ಕಡಿಸಿಹಾಕಿದ್ನಲ್ಲ. ಹೋದ ಜನ್ಮದ್ದು ಈ ಜನ್ಮದಲ್ಲಿ ತೀರ್ತು."

ಸೆಯು ಅರ್ಲಿಂದೊನ ಕೈಯ ಸೀಮೆಸುಣ್ಣ ಗಾಳಿಯಲ್ಲೇ ನಿಂತಿತು.

"ತಾಯಂದಿರಾ, ಇದು ಇಗರ್ಜಿ ಪಾಠ. ಕೆಳಗಿನ ಬೀದಿ ಕೇಂದ್ರದ್ದಲ್ಲ."

ಕೆಳಗಿನ ಬೀದಿಯ ಕೇಂದ್ರವೆಂದರೆ, ಇಗರ್ಜಿ ಒಪ್ಪದ ಮರುಜನ್ಮವನ್ನು ನಂಬುವ ಆತ್ಮವಾದಿಗಳ ಕೇಂದ್ರ. ಬುಧವಾರ ಸಂಜೆ ಅಲ್ಲಿ ಸುವಾರ್ತೆ ಓದುತ್ತಾರೆ, ಕಣ್ಣು ಮುಚ್ಚಿ ಕೂತವರ ತಲೆಯ ಮೇಲೆ ಕೈಯಾಡಿಸುತ್ತಾರೆ, ಹೂಜಿಯ ನೀರು ಒಂದೊಂದು ಗುಟುಕು ಕೊಡುತ್ತಾರೆ. ಜುಲ್ಮೀರಾ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಬಡ ಬಾಣಂತಿಯರ ಕೂಸುಗಳಿಗೆ ಅಂಗಿ ಕುಲಾವಿ ಹೊಲಿಯುತ್ತಿದ್ದಳು. ಆ ಊರಿನಲ್ಲಿ ಭಾನುವಾರ ಇಗರ್ಜಿಗೂ ಬುಧವಾರ ಕೇಂದ್ರಕ್ಕೂ ಹೋಗುವುದು ಎರಡು ಕಾಲಿಗೆ ಎರಡು ಚಪ್ಪಲಿ ಹಾಕಿದಷ್ಟೇ ಸಹಜ. ಒಂದರ ಮಾತನ್ನು ಇನ್ನೊಂದರ ಒಳಗೆ ಆಡಬಾರದೆಂಬ ಎಚ್ಚರ ಮಾತ್ರ ಎಲ್ಲರಿಗೂ ಇತ್ತು. ಪಾಠದ ಖುಷಿಯಲ್ಲಿ ಜುಲ್ಮೀರಾ ಅದನ್ನು ಮರೆತಿದ್ದಳು.

"ಬೈಬಲಲ್ಲೇ ಇದೆಯಲ್ಲ ಸೆಯು ಅರ್ಲಿಂದೊ. ಮತ್ತಾಯ, ಹನ್ನೊಂದು. ಬರಬೇಕಾಗಿದ್ದ ಎಲೀಯ ಇವನೇ ಅಂತ ಸ್ವಾಮಿಯೇ ಹೇಳ್ತಾರೆ."

ಅರ್ಲಿಂದೊ ಪುಟ ತಿರುವಿದ, ಓದಿದ, ಇನ್ನೊಂದು ಸಲ ಓದಿದ, ಪುಸ್ತಕ ಮುಚ್ಚಿದ. ಆರು ಗಂಟೆಗೆ ಎಲ್ಲರಿಗೂ ಚೀಟಿ ಸಿಕ್ಕಿತು, ಜುರೇಮಾಳಿಗೂ. ಜುಲ್ಮೀರಾಳ ಸರದಿ ಬಂದಾಗ ಅವನು ಪೆನ್ನಿನ ಮುಚ್ಚಳ ಹಾಕಿಬಿಟ್ಟ.

"ನಿಮ್ಮದನ್ನ ಪಾದ್ರಿಗಳೇ ನೋಡ್ಲಿ ದೋನಾ ಜುಲ್ಮೀರಾ. ನನ್ನ ಕೈ ಮೀರಿದ್ದು."

"ಜುರೇಮಾ ಹೇಳಿದ್ದು?"

"ಅವಳು ಬಾಯಿ ತುಂಬ ಬನ್ನು ಇಟ್ಕೊಂಡಿದ್ಲು. ನನಗೆ ಸರಿಯಾಗಿ ಕೇಳಿಸ್ಲಿಲ್ಲ."

*

ಪಾದ್ರಿ ಒಸ್ಮಾರ್ ದಕ್ಷಿಣದ ಕಡೆಯವರು, ಮೂವತ್ತಾರರ ಪ್ರಾಯ, ಊರಿಗೆ ಬಂದು ಹತ್ತು ತಿಂಗಳು. ಸೋಮವಾರ ಬೆಳಿಗ್ಗೆ ಜುಲ್ಮೀರಾ ಹೋದಾಗ ಪಾದ್ರಿ ಮನೆಯ ಹಿತ್ತಲಲ್ಲಿ ಪ್ಯಾಂಟು ಮಡಚಿಕೊಂಡು ಕೋಸಿನ ಸೊಪ್ಪಿನ ಎಲೆ ತಿರುಗಿಸಿ ತಿರುಗಿಸಿ ಹುಳ ಆರಿಸುತ್ತಿದ್ದರು. ಅವಳ ಕಂಕುಳಲ್ಲಿ ಬೈಬಲ್ ಇತ್ತು. ಪುಟಪುಟಗಳ ನಡುವೆ ಗುರುತಿಗೆ ಬಟ್ಟೆಯ ಚೂರುಗಳು.

"ಓಹೋ," ಎಂದರು ಪಾದ್ರಿ. "ಸೈನ್ಯ ಸಮೇತ ಬಂದಿದ್ದೀರಿ."

"ಜಗಳಕ್ಕಲ್ಲ ಪಾದ್ರಿಗಳೇ. ಚೀಟಿಗೆ."

"ಕೂತ್ಕೊಳ್ಳಿ. ಮೊದಲು ಜಗಳ ಮುಗಿಸೋಣ."

ಅವಳು ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತು ಮೊದಲ ಬಟ್ಟೆಚೂರು ಎಳೆದಳು. ಯೋಹಾನನೇ ಎಲೀಯ ಎಂದು ಸ್ವಾಮಿ ಹೇಳಿದ್ದನ್ನು ಓದಿದಳು.

"ಒಪ್ಪಿದೆ," ಎಂದರು ಪಾದ್ರಿ. "ಈಗ ಯೋಹಾನನನ್ನೇ ಕೇಳಿದ್ದು ನೋಡಿ. ನೀನು ಎಲೀಯನೋ ಅಂತ ಕೇಳ್ತಾರೆ. ಅವನು ಏನಂತಾನೆ? ಅಲ್ಲ ಅಂತಾನೆ."

"ಅವನಿಗೆ ನೆನಪಿರ್ಲಿಲ್ಲ. ಹೋದ ಜನ್ಮ ಯಾರಿಗೆ ನೆನಪಿರುತ್ತೆ?"

"ಅಮ್ಮನ ಹೊಟ್ಟೇಲಿದ್ದಾಗಲೇ ಸ್ವಾಮಿಯನ್ನ ಗುರುತು ಹಿಡಿದು ಕುಣಿದಾಡಿದ ಗಂಡಸು ದೋನಾ ಜುಲ್ಮೀರಾ! ಅವನಿಗೆ ತಾನು ಯಾರಂತ ಗೊತ್ತಿರಲ್ವಾ?"

ಜುಲ್ಮೀರಾ ನಕ್ಕುಬಿಟ್ಟಳು. ಈ ಮಾತು ಕೇಂದ್ರದಲ್ಲಿ ಯಾರೂ ಹೇಳಿರಲಿಲ್ಲ. ಪಾದ್ರಿಗೂ ಹುಮ್ಮಸ್ಸು ಬಂತು. ಒಂದು ದಪ್ಪ ಹಸಿರು ಹುಳವನ್ನು ಡಬ್ಬಿಗೆ ಹಾಕಿ ಬೆರಳು ಮಡಚತೊಡಗಿದರು.

"ಇನ್ನೂ ಇದೆ. ಎಲೀಯ ಸತ್ತೇ ಇಲ್ಲ. ಬೆಂಕಿ ರಥದಲ್ಲಿ ಮೈ ಸಮೇತ ಹೋದ. ಇದ್ದ ಮೈಯನ್ನೇ ಬಿಡದವನು ಇನ್ನೊಂದು ಮೈಗೆ ಹೇಗೆ ಬರ್ತಾನೆ? ಯೋಹಾನನ ತಲೆ ಹೋದ ಮೇಲೆ ಬೆಟ್ಟದ ಮೇಲೆ ಸ್ವಾಮಿ ಪಕ್ಕ ಕಾಣಿಸ್ಕೊಂಡದ್ದು ಯಾರು? ಮೋಶೆ ಮತ್ತು ಎಲೀಯ. ಯೋಹಾನ ಅಲ್ಲ. ದೇವದೂತ ಮೊದಲೇ ಹೇಳಿದ್ದ, ಇವನು ಎಲೀಯನ ಶಕ್ತಿಯಲ್ಲಿ ಬರ್ತಾನೆ ಅಂತ. ಅಪ್ಪನ ಗುಣ ಮಗನಿಗೆ ಬಂದ್ರೆ ಮಗನೇ ಅಪ್ಪ ಆಗ್ತಾನಾ?"

"ಹಾಗಾದ್ರೆ ಹುಟ್ಟುಕುರುಡ?" ಎರಡನೇ ಬಟ್ಟೆಚೂರು ಹೊರಬಂತು. "ಇವನು ಕುರುಡನಾಗಿ ಹುಟ್ಟೋಕೆ ಪಾಪ ಮಾಡಿದ್ದು ಯಾರು, ಇವನೋ ಇವನ ಅಪ್ಪ ಅಮ್ಮನೋ ಅಂತ ಶಿಷ್ಯರು ಕೇಳ್ತಾರೆ. ಹುಟ್ಟೋಕೆ ಮೊದಲೇ ಇವನು ಯಾವಾಗ ಪಾಪ ಮಾಡ್ದ?"

"ಇವನೂ ಅಲ್ಲ, ಅಪ್ಪ ಅಮ್ಮನೂ ಅಲ್ಲ ಅಂತ ಸ್ವಾಮಿ ಹೇಳಿದ್ರಲ್ಲ!"

"ಆ ಕುರುಡನ ವಿಷಯಕ್ಕೆ ಹೇಳಿದ್ರು. ಎಂಥ ಹುಚ್ಚು ಪ್ರಶ್ನೆ ಅಂತ ಬೈಲಿಲ್ಲ. ಬೈಯೋ ಸ್ವಾಮಿ ಅವರು, ಬೈಬೇಕಾದ್ರೆ."

ಪಾದ್ರಿ ಎಲೆ ತಿರುಗಿಸುವುದನ್ನು ನಿಲ್ಲಿಸಿದರು. "ಇಬ್ರಿಯರಿಗೆ ಬರೆದ ಪತ್ರ. ಮನುಷ್ಯ ಸಾಯೋದು ಒಂದೇ ಸಲ, ಆಮೇಲೆ ನ್ಯಾಯತೀರ್ಪು. ಇದಕ್ಕೆ ಬಟ್ಟೆಚೂರು ಇಟ್ಟಿದ್ದೀರಾ?"

"ಇಟ್ಟಿದ್ದೀನಿ. ಸ್ವಾಮಿ ಗೋರಿಯಿಂದ ಎಬ್ಬಿಸಿದ ಲಾಜರ ಎಷ್ಟು ಸಲ ಸತ್ತ ಪಾದ್ರಿಗಳೇ?"

ಪಾದ್ರಿ ಒಸ್ಮಾರ್ ತಲೆ ಹಿಂದಕ್ಕೆ ಚೆಲ್ಲಿ ನಕ್ಕರು. "ಗುರುಮಠದಲ್ಲಿ ನಿಮ್ಮನ್ನ ನಮ್ಮ ಪರೀಕ್ಷೆಗೆ ಕೂರಿಸ್ಬೇಕಿತ್ತು," ಎಂದು ಕೈ ತೊಳೆದುಕೊಂಡು ಅವಳೆದುರು ಕುಕ್ಕರುಗಾಲಲ್ಲಿ ಕೂತರು. ದನಿ ಈಗ ಬೇರೆಯಾಗಿತ್ತು.

"ನೋಡಿ, ಎಲೀಯ ಯಾರು ಯೋಹಾನ ಯಾರು ಅನ್ನೋದಕ್ಕೆ ನಾನು ಚೀಟಿ ತಡೆಹಿಡಿಯಲ್ಲ. ಆದ್ರೆ ಭಾನುವಾರ ತೊಟ್ಟಿ ಹತ್ರ ನಿಮ್ಮನ್ನ ನಾನೊಂದು ಕೇಳ್ಬೇಕು. ಸತ್ತವರ ಪುನರುತ್ಥಾನವನ್ನ ನಂಬ್ತೀಯಾ ಅಂತ. ಇದೇ ಮೈ, ಇದೇ ಹೆಸರು, ಒಂದೇ ಬಾಳು, ಕೊನೇಲಿ ಎದ್ದು ನಿಲ್ಲೋದು. ಬೇರೆ ಬೇರೆ ಮೈಗೆ ಹೋಗಿ ಬರೋದಲ್ಲ. ಮಗುವಿನ ಪರವಾಗಿ ನೀವು ನಂಬುತ್ತೇನೆ ಅನ್ಬೇಕು. ಅಂತೀರಾ?"

"ಊರಲ್ಲಿ ಎಲ್ಲಾರೂ ಅಂತಾರೆ. ಬುಧವಾರ ಕೇಂದ್ರಕ್ಕೂ ಬರ್ತಾರೆ."

"ಅವರು ನನ್ನ ಹತ್ರ ಬಂದು ಹೇಳಿಲ್ಲ. ನೀವು ಹೇಳಿದ್ದೀರಿ. ಅಂತೀನಿ ಅಂದ್ರೆ ಈಗಲೇ ಸಹಿ ಹಾಕ್ತೀನಿ, ನಿಮ್ಮ ಎದೆ ಬಗೆದು ನೋಡಲ್ಲ. ಗುರುವಾರದವರೆಗೆ ಯೋಚನೆ ಮಾಡಿ."

*

"ಅಂದುಬಿಡೇ ಮಾರಾಯ್ತಿ!" ಎಂದಳು ದಾಲ್ವಾ. ಅವಳ ಅಡುಗೆಮನೆಯಲ್ಲಿ ಹುರುಳಿ ಕುಕ್ಕರ್ ಸಿಳ್ಳೆ ಹಾಕುತ್ತಿತ್ತು. ಮಗು ಜುಲ್ಮೀರಾಳ ತೋಳಿನಲ್ಲಿ. "ಒಂದೇ ಒಂದು ಮಾತು. ನಂಬುತ್ತೇನೆ. ನೋಡು, ನಾನು ಹೇಳ್ದೆ, ಸಿಡಿಲು ಹೊಡೀತಾ?"

"ನೀನು ನಂಬ್ತೀಯಲ್ಲ."

"ನಾನಾ? ನಾನು ಯೋಚನೇನೇ ಮಾಡಿಲ್ಲ. ಮೂವತ್ತನಾಲ್ಕು ವರ್ಷ ಕೊನೇ ಬೆಂಚಲ್ಲಿ ಕೂತು ಬೆನ್ನು ಸವೆಸಿದವಳು ನೀನು. ಈಗ ಬಾಗಿಲು ತೆಗೆದ್ರೆ ಹೊಸಿಲ ಮೇಲೆ ನಿಂತು ವಾದ ಮಾಡ್ತೀಯಲ್ಲ! ನನ್ನ ಮೊಮ್ಮಗಳು ನಿನ್ನ ಎಲೀಯನಿಗಿಂತ ಕಡಿಮೇನಾ?"

ಆ ಮಾತು ನಾಟಿತು. ಮಗು ಅವಳ ಬೆರಳು ಹಿಡಿದಿತ್ತು, ಆ ವಯಸ್ಸಿನ ಮಕ್ಕಳು ಹಿಡಿಯುವ ಹಾಗೆ, ಬಿಡುವುದು ಗೊತ್ತಿಲ್ಲದೆ. ಅಂದುಬಿಡಬಹುದಿತ್ತು. ಪಾದ್ರಿಯೇ ದಾರಿ ತೋರಿಸಿದ್ದರು. ಆದರೆ ಮಂಗಳವಾರ ಬುಧವಾರ ಎರಡು ದಿನವೂ ಅವಳಿಗೆ ನೆಸ್ತೊರ್ ನೆನಪಾದ.

ಮದುವೆಯಾಗದೆ ಒಟ್ಟಿಗಿದ್ದ ಆರನೇ ವರ್ಷ, ಅವನ ಮೊದಲ ಮದುವೆ ರದ್ದುಮಾಡಿಸಲು ಉಬೆರಾಬಾ ನಗರದ ಇಗರ್ಜಿ ನ್ಯಾಯಪೀಠಕ್ಕೆ ಅರ್ಜಿ ಹಾಕಿದ್ದರು. ವಕೀಲ ದಾರಿ ಹೇಳಿಕೊಟ್ಟಿದ್ದ: ಹುಡುಗಿಯ ಅಪ್ಪ ಬಂದೂಕು ತೋರಿಸಿ ಮದುವೆ ಮಾಡಿಸಿದ ಎನ್ನು, ಕೆಲಸ ಸಲೀಸು. ನೆಸ್ತೊರ್ ನ್ಯಾಯಪೀಠದ ಮುಂದೆ ಕೂತು ಟೋಪಿ ತೊಡೆಯ ಮೇಲಿಟ್ಟು ಹೇಳಿದ್ದ, "ಬಂದೂಕು ಇರ್ಲಿಲ್ಲ ಸ್ವಾಮಿ. ನಾನೇ ಹಲ್ಲು ಕಿರಿದುಕೊಂಡು ಹೋಗಿದ್ದೆ." ಬಸ್ಸಿನಲ್ಲಿ ವಾಪಸು ಬರುವಾಗ ಜುಲ್ಮೀರಾ ಅವನ ಮುಖ ನೋಡಿರಲಿಲ್ಲ. ಒಂದು ತಿಂಗಳು ಹುರುಳಿಗೆ ಉಪ್ಪು ಹಾಕಿರಲಿಲ್ಲ. ಅವನು ಒಂದೂ ಮಾತಾಡದೆ ಸಪ್ಪೆ ಹುರುಳಿ ಉಂಡಿದ್ದ. ಆ ಮೇಲಿನ ಇಪ್ಪತ್ತಾರು ವರ್ಷದಲ್ಲಿ ಅವನು ಹೇಳಿದ ಯಾವ ಮಾತನ್ನೂ ಅವಳು ಎರಡನೇ ಸಲ ಕೇಳಿ ಖಚಿತಪಡಿಸಿಕೊಳ್ಳಬೇಕಾಗಿ ಬಂದಿರಲಿಲ್ಲ. ಅದರ ಸುಖ ಎಷ್ಟೆಂದು ಅನುಭವಿಸಿದವಳು ಅವಳೇ. ಈಗ ಅದೇ ಇಗರ್ಜಿಯಲ್ಲಿ, ಅವನು ಆಡದ ಸುಳ್ಳನ್ನು ತಾನು ಆಡುವುದೆಂದರೆ ಹೇಗೆ?

ಗುರುವಾರ ಬೈಬಲ್ ಬಿಟ್ಟು ಬರಿಗೈಯಲ್ಲಿ ಹೋದಳು.

"ನಿಮ್ಮ ಅರ್ಧ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ," ಎಂದಳು. "ಹೊಟ್ಟೇಲಿ ಕುಣಿದವನಿಗೆ ತಾನು ಯಾರಂತ ಗೊತ್ತಿರಲ್ವಾ ಅಂದ್ರಲ್ಲ, ಅದು ಮೂರು ದಿನದಿಂದ ತಲೆ ತಿಂತಿದೆ. ಯೋಹಾನ ಎಲೀಯ ಅಲ್ಲದೆಯೂ ಇರಬಹುದು. ಆದ್ರೆ ದೇವರು ಒಂದೇ ಸಲ ಅವಕಾಶ ಕೊಟ್ಟು ಪುಸ್ತಕ ಮುಚ್ಚಿಬಿಡ್ತಾನೆ ಅನ್ನೋದು ನನ್ನ ಗಂಟಲಲ್ಲಿ ಇಳಿಯಲ್ಲ. ಶಾಲೇಲಿ ಒಂದು ಮಗು ತಟ್ಟೆ ಬೀಳಿಸಿದ್ರೆ ನಾನೇ ಇನ್ನೊಂದು ಸಲ ಬಡಿಸ್ತಿದ್ದೆ. ನೀವು ಕೇಳೋ ಅರ್ಥದಲ್ಲಿ ಆ ಮಾತು ನನ್ನ ಬಾಯಿಂದ ಬರಲ್ಲ ಪಾದ್ರಿಗಳೇ. ಬೇರೆ ಯಾರನ್ನಾದ್ರೂ ನಿಲ್ಲಿಸಿ."

"ತಿಂಗಳಿಗೆ ನಲವತ್ತು ಜನ ನನ್ನ ಮುಂದೆ ನಿಂತು ನಂಬುತ್ತೇನೆ ಅಂತಾರೆ," ಎಂದರು ಪಾದ್ರಿ. "ನಂಬಲ್ಲ ಅಂತ ಹೇಳೋಕೆ ನಡೆದು ಬಂದವರು ನೀವೊಬ್ಬರೇ. ನಾನು ಸಹಿ ಹಾಕೋಕಾಗಲ್ಲ. ನೀವು ಹೇಳ್ತಿರೋದು ತಪ್ಪು ಅಂತಲೂ ನಾನು ನಂಬಿದ್ದೀನಿ. ಆದ್ರೆ ಆ ಮಗುವಿಗೆ ಸುಳ್ಳು ಹೇಳದ ಒಬ್ಬರು ಹತ್ರ ಇರ್ತಾರೆ ಅಂತ ನನಗೆ ಸಂತೋಷ."

ಬಾಗಿಲವರೆಗೆ ಬಂದು, ಒಂದು ಕಟ್ಟು ಕೋಸಿನ ಸೊಪ್ಪು ಅವಳ ಕೈಗೆ ಕೊಟ್ಟರು. ಹುಳ ಇಲ್ಲ, ನೋಡಿದ್ದೀನಿ ಎಂದರು. ಒಂದಿತ್ತು.

*

ದಾಲ್ವಾ ಎರಡು ದಿನ ಮಾತು ಬಿಟ್ಟಳು. ಕೆಯ್ಲಾಳ ನಾದಿನಿ, ಹತ್ತೊಂಬತ್ತರ ಹುಡುಗಿ, ಹಿಂದಿನ ತಿಂಗಳೇ ಯಾರಿಗೋ ಎಂದು ತೆಗೆದುಕೊಂಡ ಚೀಟಿ ಹುಡುಕಿ ತಂದಳು. ಧರ್ಮತಾಯಿ ಅವಳೆಂದಾಯಿತು. ಜುಲ್ಮೀರಾ ತಾನೇ ಹೋಗಿ ಅವಳಿಗೆ ಮಗುವಿನ ತಲೆ ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟು ಬಂದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಸ್ವಲ್ಪ ಅತ್ತಳು. ಆಮೇಲೆ ಹುರುಳಿಗೆ ಇಟ್ಟಳು, ಉಪ್ಪು ಹಾಕಿಯೇ.

ಶನಿವಾರ ಯೋಹಾನ ಸಂತನ ಹಬ್ಬದ ಮುನ್ನಾದಿನ. ಆ ದೇಶದಲ್ಲಿ ಜೂನ್ ಎಂದರೆ ಚಳಿಗಾಲ. ಸೂರ್ಯ ಇಳಿಯುತ್ತಿದ್ದ ಹಾಗೆ ಬೀದಿಯ ನಡುವೆ ಸೌದೆ ಪೇರಿಸಿ ಬೆಂಕಿ ಹಾಕಿದರು. ದೊಡ್ಡ ಪಾತ್ರೆಯಲ್ಲಿ ಬಿಳಿ ಮೆಕ್ಕೆಜೋಳದ ಪಾಯಸ, ಚಿಕ್ಕದರಲ್ಲಿ ಶುಂಠಿ ಹಾಕಿ ಕಾಯಿಸಿದ ಕಬ್ಬಿನ ಸಾರಾಯಿ. ಇಗರ್ಜಿ ಕೇಂದ್ರ ಎರಡರವರೂ ಅಲ್ಲೇ; ಪಾದ್ರಿಯೂ ಅರ್ಲಿಂದೊನೂ ಪಾಯಸದ ಬಟ್ಟಲು ಹಿಡಿದು ಬೆಂಚಿನ ಮೇಲೆ.

ಕೆಯ್ಲಾ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ನೇರ ಜುಲ್ಮೀರಾಳ ಮುಂದೆ ಬಂದು ನಿಂತಳು.

"ಏಳಿ ಚಿಕ್ಕಮ್ಮ. ಬೆಂಕಿಗೆ ಚೀಟಿ ಬೇಡ ಅಲ್ವಾ?"

ಆ ಕಡೆಯ ಊರುಗಳಲ್ಲಿ ಅದೊಂದು ಹಳೆಯ ಪದ್ಧತಿ. ಯೋಹಾನನ ಬೆಂಕಿಗೆ ಕೈ ಕೈ ಹಿಡಿದು ಮೂರು ಸುತ್ತು ಬಂದು, ಈ ಸಂತನೇ ಸಾಕ್ಷಿ ಎಂದರೆ ಧರ್ಮದ ನೆಂಟಸ್ತನ ಬೆಸೆಯಿತು. ಇಗರ್ಜಿಯ ಪುಸ್ತಕದಲ್ಲಿ ಬರೆಯುವುದಿಲ್ಲ, ಆದರೆ ಸಾಯುವ ತನಕ ಯಾರೂ ಅಲ್ಲಗಳೆಯುವುದಿಲ್ಲ.

"ನನ್ನ ಸಮಾಧಾನಕ್ಕೆ ಮಾಡೋದಾದ್ರೆ ಬೇಡ ಮಗಳೇ," ಎಂದಳು ಜುಲ್ಮೀರಾ.

"ನಿಮ್ಮ ಸಮಾಧಾನ ಯಾರಿಗೆ ಬೇಕು? ನನ್ನ ಮಗಳಿಗೆ ಎರಡನೇ ಸಲ ಬಡಿಸೋರು ಬೇಕು."

ಆಗ ದಾಲ್ವಾ ಸಾರಾಯಿ ಲೋಟ ಕೆಳಗಿಟ್ಟು ಎದ್ದು ಬಂದಳು. ಜುಲ್ಮೀರಾಳ ಕೈ ಹಿಡಿದು ಎಳೆದಳು. ಮೊದಲ ಸುತ್ತಿನಲ್ಲಿ ಹೊಗೆಗೆ ಕಣ್ಣು ಉರಿಯಿತು. ಎರಡನೆಯದರಲ್ಲಿ ಬೀದಿಯವರು ಚಪ್ಪಾಳೆ ತಟ್ಟಿದರು. ಮೂರನೆಯದರಲ್ಲಿ ದಾಲ್ವಾ ಅವಳ ಕಿವಿಯಲ್ಲಿ, "ಮೊಂಡಿ," ಎಂದಳು.

"ಪಾದ್ರಿಗಳೇ," ಎಂದ ಅರ್ಲಿಂದೊ ಬೆಂಚಿನಿಂದ, "ಇದಕ್ಕೂ ಪಾಠ ಇಡ್ಬೇಕಾ?"

"ನೀವು ಪಾಯಸ ತಿನ್ನಿ." ಪಾದ್ರಿ ಬೆಂಕಿಯಾಚೆಗೆ ದನಿ ಎತ್ತಿದರು: "ದೋನಾ ಜುಲ್ಮೀರಾ! ಸಾಕ್ಷಿಗೆ ಕರೆದದ್ದು ಯೋಹಾನನನ್ನೋ ಎಲೀಯನನ್ನೋ?"

"ಯಾರು ಬಿಡುವಾಗಿದ್ದಾರೋ ಅವರೇ ಬರ್ಲಿ ಪಾದ್ರಿಗಳೇ!"

ಬೀದಿಯೆಲ್ಲ ನಕ್ಕಿತು, ಪಾದ್ರಿಯೂ ಸೇರಿ.

*

ಮರುದಿನ ಬೆಳಗಿನ ಪೂಜೆಯಲ್ಲಿ ಜುಲ್ಮೀರಾ ಮೂರನೇ ಬೆಂಚಿನಲ್ಲಿದ್ದಳು. ತೊಟ್ಟಿಯ ಬಳಿ ಕೆಯ್ಲಾ, ಅವಳ ಗಂಡ, ಮಗುವನ್ನೆತ್ತಿಕೊಂಡ ನಾದಿನಿ. ಪಾದ್ರಿ ಒಂದೊಂದಾಗಿ ಕೇಳಿದರು. ಇಗರ್ಜಿಯೆಲ್ಲ ಒಟ್ಟಾಗಿ ಉತ್ತರ ಕೊಟ್ಟಿತು. ತಂದೆಯಾದ ದೇವರನ್ನು? ನಂಬುತ್ತೇನೆ. ಆತನ ಮಗನನ್ನು? ನಂಬುತ್ತೇನೆ. ಜುಲ್ಮೀರಾ ಎದೆ ತುಂಬಿ ಹೇಳಿದಳು. ಸತ್ತವರ ಪುನರುತ್ಥಾನ ಬಂದಾಗ ಬಾಯಿ ಮುಚ್ಚಿ ನಿಂತಳು. ಪಾದ್ರಿಯ ಕಣ್ಣು ಒಂದು ಕ್ಷಣ ಮೂರನೇ ಬೆಂಚನ್ನು ಹಾದುಹೋಯಿತು. ಎಲ್ಲರಿಗಿಂತ ಗಟ್ಟಿಯಾಗಿ ನಂಬುತ್ತೇನೆ ಎಂದವಳು ಜುರೇಮಾ.

ತಲೆಯ ಮೇಲೆ ತಣ್ಣೀರು ಬಿದ್ದದ್ದೇ ಲೀವಿಯಾ ಕಿರುಚಿದ ಕಿರುಚಾಟಕ್ಕೆ ಗಂಟೆಗೋಪುರದ ಪಾರಿವಾಳಗಳು ಎದ್ದವು. ನಾದಿನಿ ತೂಗಿದಳು, ತಟ್ಟಿದಳು, ಬೆವೆತಳು. ಕೆಯ್ಲಾ ಎತ್ತಿಕೊಂಡಳು, ಆಗಲಿಲ್ಲ. ಗಂಡ ಮಗುವನ್ನು ಒಂದನೇ ಬೆಂಚಿಗೆ ದಾಟಿಸಿದ, ದಾಲ್ವಾ ಎರಡನೆಯದಕ್ಕೆ, ಅಲ್ಲಿಂದ ಯಾರೋ ಮೂರನೆಯದಕ್ಕೆ. ಜುಲ್ಮೀರಾ ಒದ್ದೆ ತಲೆಯನ್ನು ತನ್ನ ಕುತ್ತಿಗೆಯ ಸಂದಿಗೆ ಒತ್ತಿ ಹಿಡಿದು, ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ತಿರುವುವಾಗಿನ ತೂಗಾಟದಲ್ಲಿ ತೂಗಿದಳು. ಮೂರು ಬಿಕ್ಕು, ಒಂದು ನಿಟ್ಟುಸಿರು, ಆಮೇಲೆ ನಿದ್ದೆ.

ಪೂಜೆ ಮುಂದುವರಿಯಿತು. ಸ್ವಲ್ಪ ಹೊತ್ತಿಗೆ ಕೆಯ್ಲಾ ಬಗ್ಗಿಕೊಂಡು ಬಂದು ಬೆಂಚಿನ ತುದಿಯಲ್ಲಿ ಕೂತು ಕೈ ಚಾಚಿದಳು. ಚಿಕ್ಕಮ್ಮ ಎನ್ನಲಿಲ್ಲ. ಮಗುವಿನ ತಾಯಿ ಅದರ ಧರ್ಮತಾಯಿಯನ್ನು ಕರೆಯಬೇಕಾದ ಹೆಸರಿನಿಂದ ಕರೆದಳು.

"ಕೊಮಾದ್ರೆ, ಕೊಡಿ. ಹಾಲು ಕುಡಿಸೋ ಹೊತ್ತಾಯ್ತು."

ಅರವತ್ತೊಂದು ವರ್ಷದಲ್ಲಿ ಆ ಹೆಸರಿಗೆ ಜುಲ್ಮೀರಾ ತಿರುಗಿದ್ದು ಅದೇ ಮೊದಲು. ಮಗುವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಎದ್ದಾಗ ಕೊಡ್ತೀನಿ," ಎಂದಳು.